ಅಣ್ಣ ‘ಬಿಡು’ ಅನ್ನಲಿಲ್ಲ

ಲಿವರ್ ಸ್ಕ್ಯಾನ್ ನೋಡಿ, ಅದರ ಎಂಟು ಭಾಗಗಳಿಗೂ ರಕ್ತನಾಳಗಳಿಗೂ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ಸರ್ಜನ್ನರಿಗೆ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ದೆವ್ವ ಅಂದರೆ ನಕ್ಕುಬಿಡುವವನು ನಾನು. ಇದನ್ನು ಮಾತ್ರ ಕಂಡದ್ದು ಕಂಡ ಹಾಗೆ ಹೇಳುತ್ತೇನೆ.

ಟೀಚರೊಬ್ಬರು ತಮ್ಮ ಅಣ್ಣನಿಗೆ ಅರ್ಧ ಲಿವರ್ ಕೊಟ್ಟಿದ್ದರು. ಒಂಬತ್ತನೆಯ ದಿನ ಆ ಅಣ್ಣ ತೀರಿಕೊಂಡರು. ಕೊಟ್ಟವರ ಲಿವರ್ ಮತ್ತೆ ಬೆಳೆಯುತ್ತದೆ. ಅದನ್ನು ನೋಡಲೆಂದು ಮೂರು ತಿಂಗಳ ಮೇಲೆ, ಮಟಮಟ ಮಧ್ಯಾಹ್ನ, ಟೀಚರನ್ನು ಸ್ಕ್ಯಾನಿಗೆ ಮಲಗಿಸಿದೆ. ನಮ್ಮ ಮೆಷಿನ್ನಿನಲ್ಲಿರುವುದು ರೆಕಾರ್ಡ್ ಮಾಡಿದ ಹೆಣ್ಣುದನಿ. “ಉಸಿರು ಹಿಡಿದುಕೊಳ್ಳಿ” ಅನ್ನುತ್ತದೆ, ಆಮೇಲೆ “ಉಸಿರು ಬಿಡಿ” ಅನ್ನುತ್ತದೆ.

ಅವತ್ತು ದನಿ “ಬಿಡಿ” ಎಂದರೂ ಅವರ ಎದೆ ಇಳಿಯಲೇ ಇಲ್ಲ. ತುಟಿ ನೀಲಿಗಟ್ಟುತ್ತಿತ್ತು. ಓಡಿಹೋಗಿ ಭುಜ ಅಲುಗಿಸಿದೆ. ಮೈ ಮಂಜಿನಂತೆ ತಣ್ಣಗಿತ್ತು.

“ಉಸಿರು ಬಿಡಿ ಮೇಡಂ, ಮುಗೀತು!”

ಉಸಿರು ಬಿಟ್ಟು ನನ್ನನ್ನೇ ದಿಟ್ಟಿಸಿದರು. “ಅಣ್ಣ ‘ಹಿಡ್ಕೊ ಪುಟ್ಟಿ’ ಅಂದ. ‘ಬಿಡು’ ಅಂತ ಇನ್ನೂ ಅಂದಿಲ್ವಲ್ಲ?”

ಅವರನ್ನು ಎಬ್ಬಿಸಿ ಹೊರಗೆ ಕಳಿಸಿದೆ.

ಆಪರೇಷನ್ನಿಗೆ ಮುಂಚೆ ನಾನೇ ನಕ್ಷೆ ಮಾಡಿದ್ದ ಅಣ್ಣನ ಹಳೆಯ ಲಿವರಿನಲ್ಲಿ ಕುಡುಗೋಲಿನ ಹಾಗೆ ಬಾಗಿದ ಒಂದು ರಕ್ತನಾಳವಿತ್ತು. ಹದಿನೇಳು ವರ್ಷದಲ್ಲಿ ಅಂಥದ್ದನ್ನು ಇನ್ನೊಬ್ಬರಲ್ಲಿ ನಾನು ಕಂಡಿರಲಿಲ್ಲ. ತಂಗಿಯ ಮೊದಲ ಸ್ಕ್ಯಾನಿನಲ್ಲೂ ಇರಲಿಲ್ಲ. ಹೊರತೆಗೆದ ಅಣ್ಣನ ಆ ಲಿವರನ್ನು ಆಪರೇಷನ್ನಿನ ಮರುದಿನವೇ ಸುಟ್ಟಿದ್ದರು.

ಸಂಜೆ ತಂಗಿಯ ಹೊಸ ಸ್ಕ್ಯಾನಿಗೆ ಬಣ್ಣ ತುಂಬಿದೆ. ಮತ್ತೆ ಬೆಳೆದ ಭಾಗದಲ್ಲಿ ಆ ಕುಡುಗೋಲು ಇತ್ತು. ಅಣ್ಣನ ನಕ್ಷೆಯನ್ನು ತಂದು ಅದರ ಮೇಲಿಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.