ಪಾಸಾವ್‌ನಲ್ಲಿ ಕಾದ ಮದುಮಗಳು

"ನೀನಾ?!"

ಕಾರಿನ ಬಾಗಿಲು ತೆರೆದವನನ್ನು ಕಂಡು ವಾಲ್ಬುರ್ಗಾಳ ಎದೆ ಧಸಕ್ಕೆಂದಿತು. ರೇಗನ್ಸ್‌ಬರ್ಗಿನ ಕಲ್ಲುಸೇತುವೆಯ ಬಳಿ ನಿಂತಿದ್ದವನು ಕೊರ್ಬಿನಿಯನ್... ಎರಡು ವರ್ಷದ ಹಿಂದೆ, ಕೈ ಹಿಡಿದ ದಿನವೇ ಅವಳನ್ನು ನಡುನೀರಿನಲ್ಲಿ ಬಿಟ್ಟ ಗಂಡ!

ಹಳೆಯ ಪಟ್ಟಣಗಳನ್ನು ಕಾರಿನಲ್ಲಿ ಸುತ್ತಿಸಿ ತೋರಿಸುವುದು ಅವಳ ಕೆಲಸ. ಇವನು ಬೇಕೆಂದೇ ಅವಳ ಕಾರನ್ನು ಗೊತ್ತು ಮಾಡಿಕೊಂಡು ಬಂದಿದ್ದ.

"ಮಾತಾಡ್ಬೇಕಿತ್ತು ಬುರ್ಗಿ. ಬೇರೆ ದಾರಿ ಕಾಣ್ಲಿಲ್ಲ."

"ಊರು ನೋಡೋಕೆ ಬಂದಿದ್ದೀರಲ್ವಾ? ಬಾಯ್ಮುಚ್ಕೊಂಡು ನೋಡಿ!"

ದಾರಿಯುದ್ದಕ್ಕೂ ಅವಳೊಳಗೆ ಸೇಡು ಹೊಗೆಯಾಡುತ್ತಿತ್ತು. 'ಬಾ ಮಗನೇ... ನಾನು ಉಂಡದ್ದನ್ನು ನಿನಗೂ ಉಣಿಸುತ್ತೇನೆ!'

ಪಾಸಾವ್‌ನ ಹೊಳೆದಂಡೆಯ ಬಿಯರ್ ಅಂಗಡಿಯೊಂದರಲ್ಲಿ, ಮೂಲೆಯ ಮೇಜಿಗೆ ಅವನನ್ನು ಕೂರಿಸಿದಳು.

"ಮದುವೆ ದಿನ ನನ್ನನ್ನ ಕದ್ದು ತಂದು ಕೂರಿಸಿದ್ದು ಇಲ್ಲೇ. ಈಗ ನೀನು ಕೂತ್ಕೊ, ನಾನು ಹೊರಟೆ. ಯಾರೂ ಬರದಿದ್ರೆ ಹೇಗಿರುತ್ತೆ ಅಂತ ನಿಂಗೂ ಗೊತ್ತಾಗ್ಲಿ!"

ಅವರ ಕಡೆ ಮದುವೆಯೂಟದ ನಡುವೆ ಮದುಮಗಳನ್ನು ಕದ್ದೊಯ್ಯುವ ತಮಾಷೆಯಿದೆ. ಮದುವೆ ನಡೆದ ಊರಿನದೇ ಬಿಯರ್ ಅಂಗಡಿಯಲ್ಲಿ ಅಡಗಿಸಿ, ಸುಳಿವು ಬಿಡುತ್ತಾರೆ. ಮದುಮಗ ಹುಡುಕಿ ಕರೆತರಬೇಕು. ಅವಳು ತಾನಾಗಿ ಎದ್ದು ಹೋಗುವಂತಿಲ್ಲ. ವಾಲ್ಬುರ್ಗಾಳನ್ನು ಕದ್ದವನು ಅವಳ ಸ್ವಂತ ತಮ್ಮ ಕ್ವಿರಿನ್. ಬೆಳಗಾಗುವವರೆಗೂ ಕಾದಳು. ಗಂಡ ಬರಲಿಲ್ಲ. ತವರಿಗೆ ಹೋದವಳು ಮತ್ತೆ ಅವನ ಮುಖ ನೋಡಲಿಲ್ಲ.

ಕೊರ್ಬಿನಿಯನ್ ಬಿಳಿಚಿಕೊಂಡ.

"ಇಲ್ಲಿಗಾ ಕರ್ಕೊಂಡು ಬಂದಿದ್ದು?... ಊರು ಬಿಟ್ಟು ಊರಿಗೆ ಯಾರಾದ್ರೂ ಕದೀತಾರೇನೇ? ಮದುವೆಯಾದ ರೇಗನ್ಸ್‌ಬರ್ಗಲ್ಲಿ ನಾನು ತಟ್ಟದ ಬಾಗಿಲಿಲ್ಲ! ಕ್ವಿರಿನ್‌ನ ಕೇಳಿದ್ರೆ, ನೀನೇ ನನ್ನ ಬೇಡ ಅಂತ ಹೋದೆ ಅಂದ..."

"ಸುಳ್ಳು! ನಿಂಗೆ ಸುಳಿವು ಕೊಟ್ಟಿದ್ದೆ ಅಂತ ಅವನೇ ಹೇಳಿದಾನೆ!"

ಅಲ್ಲೇ ತಮ್ಮನಿಗೆ ಫೋನು ಹಚ್ಚಿದಳು.

"ಅಕ್ಕಾ... ಹುಮ್ಮಸ್ಸಲ್ಲಿ ಅಷ್ಟು ದೂರ ಕರ್ಕೊಂಡು ಹೋದೆ. ಸುಳಿವು ಹೇಳೋದೇ ಮರೆತು, ಕುಡಿದು ಮಲಗ್ಬಿಟ್ಟೆ. ಆಮೇಲೆ ಅಪ್ಪನಿಗೆ ಹೆದರಿ ಇಬ್ಬರಿಗೂ ಸುಳ್ಳು ಹೇಳ್ದೆ..."

"ಮನೆಗೆ ಬರ್ತೀನಿ ಇರು, ನಿನ್ನ ಚರ್ಮ ಸುಲೀತೀನಿ!"

ಫೋನಿಟ್ಟರೂ ಅವಳ ಉರಿ ಆರಲಿಲ್ಲ. "ಆದ್ರೂ ನೀನು... ಒಂದೇ ಒಂದ್ಸಲ ನನ್ನ ಬಾಗಿಲಿಗೆ ಬರ್ಲಿಲ್ವಲ್ಲೋ!"

"ಅದು ನನ್ನ ತಪ್ಪೇ. ಬಿಟ್ಟು ಹೋದವಳ ಹಿಂದೆ ಯಾಕೆ ಹೋಗ್ಲಿ ಅನ್ನೋ ಜಂಬ. ಏನು ಶಿಕ್ಷೆ ಬೇಕಾದ್ರೂ ಕೊಡು."

"ಕೊಡ್ತೀನಿ. ಸಾಲ್ಸ್‌ಬರ್ಗಿಗೆ ಹೋಗ್ತಿದೀನಿ. ಎಲ್ಲಿರ್ತೀನಿ ಅಂತ ಹೇಳಲ್ಲ. ಹುಡುಕು!"

ಸಾಲ್ಸ್‌ಬರ್ಗಿನ ಇಕ್ಕಟ್ಟು ಓಣಿಯ ಕಾಫಿ ಅಂಗಡಿಯಲ್ಲಿ ಅವಳ ಕಣ್ಣೆಲ್ಲ ಬಾಗಿಲ ಮೇಲೆ. 'ಇವತ್ತೂ ಬಾರದಿದ್ದರೆ...?' ಸೇಡು ತೀರಿಸಹೋಗಿ ಮತ್ತೆ ತಾನೇ ಕಾಯುವಂತಾಯಿತಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಬಿಸಿಲು ಇಳಿಯುವ ಹೊತ್ತಿಗೆ, ಬೆವರಿ ತೊಯ್ದು, ಏದುಸಿರು ಬಿಡುತ್ತಾ ಅವನು ಎದುರು ನಿಂತ.

"ಇಷ್ಟೊತ್ತಾ?" ಕಣ್ಣೊರೆಸಿಕೊಳ್ಳುತ್ತಲೇ ಗದರಿದಳು.

"ಹುಡುಕಿ ಅಭ್ಯಾಸ ಇತ್ತು ಬುರ್ಗಿ... ಸಿಕ್ಕಿದ್ದು ಇದೇ ಮೊದಲು."

ಅವಳು ಕಾರಿನ ಕೀಲಿಯನ್ನು ಅವನ ಅಂಗೈಗಿಟ್ಟಳು.

"ಹುಡುಕಿದ್ದಾಯ್ತಲ್ಲ... ಈಗ ಮನೆಗೆ ಕರ್ಕೊಂಡ್ ಹೋಗು."