ಸಿಡಿಲಕ್ಕನ ಬಲಗೈ

“ಕೈಯನ್ನ ಎಲ್ಲಿ ಅಡವಿಟ್ಟು ಬಂದಿದ್ದೀಯೇ? ಒಂದು ಲೋಟ ಹಿಡಿಯೋಕೂ ಆಗಲ್ವಾ ನಿನಗೆ?”

ಅತ್ತೆಯ ದನಿಗೆ ಅಡುಗೆಮನೆಯ ಕಿಟಕಿಯೇ ಅದುರಿದಂತಾಯಿತು. ನೆಲದ ತುಂಬ ಹಾಲು, ಗಾಜಿನ ಚೂರು. ಅವಳು ತಲೆ ತಗ್ಗಿಸಿ, ಬಲಗೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು, ಎಡಗೈಯಿಂದ ಚೂರುಗಳನ್ನು ಆಯತೊಡಗಿದಳು. ಲೋಟ ಜಾರಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ... ಒಡೆದ ಸದ್ದು ಕೇಳಿದ ಮೇಲೆಯೇ ತಿಳಿದದ್ದು! ಬೆರಳುಗಳು ತನ್ನವೇ ಅಲ್ಲವೇನೋ ಎಂಬಂತೆ ಮರಗಟ್ಟಿದ್ದವು. ಅದೂ ಇವತ್ತೇ ಆಗಬೇಕೇ? ಇವತ್ತು ಶೂಟಿಂಗಿನಲ್ಲಿ ಮೆಟ್ಟಿಲಿನ ದೃಶ್ಯ!

ಊರಿಗೆಲ್ಲ ಅವಳು ಸಿಡಿಲಕ್ಕ. ಎತ್ತರದ ಆಳು, ಅಗಲವಾದ ಭುಜ. ಅದನ್ನು ನೋಡಿಯೇ, ಸೋಲು ಗೆಲುವು ಮೊದಲೇ ಗೊತ್ತುಮಾಡಿಕೊಂಡು ಆಡುವ ಪ್ರದರ್ಶನ ಕುಸ್ತಿಯ ತಂಡದವರು ಅವಳನ್ನು ಖಳನಾಯಕಿ ಮಾಡಿದ್ದರು. ಎದುರಾಳಿಯ ಜುಟ್ಟು ಹಿಡಿದು ಎಳೆಯಬೇಕು, ತೀರ್ಪುಗಾರನ ಕಣ್ಣು ತಪ್ಪಿಸಿ ಒದೆಯಬೇಕು, ಕೊನೆಗೆ ಸೋತು ದೊಪ್ಪನೆ ಬೀಳಬೇಕು. ಜನ ಬಾಯಿಗೆ ಬಂದಂತೆ ಬೈದಷ್ಟೂ ಅವಳ ಕೆಲಸ ಚೆನ್ನಾಗಿ ಆದ ಹಾಗೆ. ದಿನಾ ಅವಳಿಂದ ಮೋಸಹೋಗುತ್ತಿದ್ದ ಆ ತೀರ್ಪುಗಾರನೇ ಅವಳನ್ನು ಮೆಚ್ಚಿ ಮದುವೆಯಾಗಿದ್ದ. ಅಷ್ಟು ವರ್ಷಗಳ ಬೈಗುಳ ಅವಳನ್ನು ತಟ್ಟಲಿಲ್ಲ. ಆದರೆ ಶಾಲೆಯಲ್ಲಿ ಮಗಳನ್ನು ‘ರಾಕ್ಷಸಿ ಮಗಳು’ ಎಂದು ಮಕ್ಕಳು ಆಡಿಕೊಂಡಿದ್ದಕ್ಕೆ ಹುಡುಗಿ ಮುಖ ಊದಿಸಿಕೊಂಡು ಮನೆಗೆ ಬಂದ ದಿನ ಅವಳ ಎದೆ ಒಡೆದುಹೋಯಿತು. ಕುಸ್ತಿ ಬಿಟ್ಟಳು. ಸಿನಿಮಾ ಸೇರಿದಳು. ಅಲ್ಲೂ ಮೊದಮೊದಲು ನಾಯಕನ ಕೈಲಿ ಒದೆ ತಿನ್ನುವ ಪಾತ್ರಗಳೇ!

ಕಡೆಗೂ ಈಗ ನಾಯಕಿಯಾಗಿದ್ದಳು. ಮಗುವನ್ನು ಉಳಿಸಲು ಹೋಗಿ ಮೆಟ್ಟಿಲಿನಿಂದ ಉರುಳುವ ತಾಯಿ. ಜನ ತನಗಾಗಿ ಅಳುವ ಪಾತ್ರ! ಮುಖ ಕಾಣುವಂತೆ ತಾನೇ ಬೀಳಬಲ್ಲ ನಟಿ ಬೇಕೆಂದೇ ನಿರ್ದೇಶಕ ಅವಳನ್ನು ಆರಿಸಿದ್ದ. “ಕತ್ತಿನಲ್ಲಿ ನರ ಒತ್ತಿಕೊಂಡಿದೆ. ಆಪರೇಷನ್ ಆಗಲೇಬೇಕು. ಇನ್ನೊಂದು ಪೆಟ್ಟು ಬಿದ್ದರೆ ಎರಡೂ ಕೈ ಹೋಗಬಹುದು,” ಎಂದು ಡಾಕ್ಟರು ಹೇಳಿದ್ದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅವನು ಕುಸ್ತಿ ತಂಡದ ಜೊತೆ ಪರವೂರಿನಲ್ಲಿದ್ದ. ಇದೊಂದು ಸಲ ಬಿದ್ದುಬಿಡುತ್ತೇನೆ... ಆಮೇಲೆ ಏನಾದರೂ ಆಗಲಿ...

ಶಾಲೆಗೆ ರಜೆ. ಶೂಟಿಂಗ್ ನೋಡಬೇಕೆಂದು ಮಗಳು ಹಟ ಹಿಡಿದಳು. ಬಟ್ಟೆ ಹೊಲಿದು ಮಗನನ್ನು ದೊಡ್ಡವನನ್ನಾಗಿ ಮಾಡಿದ್ದ ಅತ್ತೆ, ಸೊಸೆಯ ಒಂದು ಪಂದ್ಯಕ್ಕೂ ಕಾಲಿಡದಿದ್ದವರು, ಅಂದು ಗೊಣಗುತ್ತಲೇ ಮೊಮ್ಮಗಳ ಕೈ ಹಿಡಿದು ಹೊರಟರು.

ಸ್ಟುಡಿಯೋದಲ್ಲಿ ಮರದ ಮೆಟ್ಟಿಲು, ಕೆಳಗೆ ತೆಳ್ಳನೆಯ ಹಾಸು, ಕಣ್ಣು ಕುಕ್ಕುವ ದೀಪ. ಅವಳು ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲೆ ನಿಂತು ಪಕ್ಕದ ಕಟಾಂಜನಕ್ಕೆ ಕೈ ಚಾಚಿದರೆ, ಕೈ ಅಲ್ಲಿಯವರೆಗೆ ಹೋಗಲೇ ಇಲ್ಲ.

“ನಿಲ್ಲಿಸ್ರೀ!”

ಎಲ್ಲರೂ ತಿರುಗಿದರು. ಅತ್ತೆ ವೈರುಗಳನ್ನು ದಾಟಿಕೊಂಡು ದಡಬಡನೆ ಬರುತ್ತಿದ್ದರು.

“ಅತ್ತೆ, ದಮ್ಮಯ್ಯ, ಸುಮ್ನಿರಿ...”

“ಸುಮ್ನಿರೋದಾ? ಕುತ್ತಿಗೆ ಗುಂಡಿ ಹಾಕ್ಕೊಳ್ಳೋಕೆ ಆಗ್ದೆ ಒದ್ದಾಡ್ತೀಯ. ಮಗೂಗೆ ಎಡಗೈಲಿ ಸೊಟ್ಟ ಜಡೆ ಹಾಕ್ತೀಯ. ನಾನೇನು ಕಣ್ಣಿಗೆ ಬಟ್ಟೆ ಕಟ್ಕೊಂಡಿದ್ದೀನಾ? ಎಲ್ಲಿ, ಕೈ ಎತ್ತು! ಇವರೆಲ್ಲರ ಮುಂದೆ ಎತ್ತು ನೋಡೋಣ!”

ಅವಳು ಹಲ್ಲು ಕಚ್ಚಿ ಎತ್ತಿದಳು. ಬಲಗೈ ಸೊಂಟದವರೆಗೆ ಬಂದು ಕೆಳಗೆ ಬಿತ್ತು.

“ಹಾಳು ಮಾಡಿಬಿಟ್ರಲ್ಲ ಅತ್ತೆ!” ಅವಳು ಮೆಟ್ಟಿಲ ಮೇಲೆಯೇ ಕುಸಿದಳು. “ಒಂದೇ ಒಂದು ಸಲ... ಇವಳು ನಮ್ಮಮ್ಮ ಅಂತ ನನ್ನ ಮಗಳು ತಲೆ ಎತ್ತಿ ಹೇಳಲಿ ಅಂತ...”

“ಹಾಗೆ ಹೇಳೋಕೆ ಅಮ್ಮ ನೆಟ್ಟಗಿರ್ಬೇಕಲ್ವೇನೇ, ಮಂಕುದಿಣ್ಣೆ!” ಅತ್ತೆ ಮೆಟ್ಟಿಲು ಹತ್ತಿ ಅವಳ ಪಕ್ಕದಲ್ಲಿ ಕೂತರು. “ನಾನು ನಿನ್ನ ಪಂದ್ಯಕ್ಕೆ ಯಾಕೆ ಬರ್ತಿರಲಿಲ್ಲ ಗೊತ್ತಾ? ನೀನು ಬೀಳೋದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ... ಹೆದರಿಕೆ ಆಗುತ್ತೆ ಅಂತ ಹೇಳೋಕೆ ಹೋದ್ರೆ, ಬಾಯಲ್ಲಿ ಬೈಗುಳ ಬರ್ತಿತ್ತು!”

ನಿರ್ದೇಶಕ ಕಾಯಲಿಲ್ಲ. “ಕ್ಷಮಿಸಮ್ಮ” ಎಂದು ಮುಖ ತಿರುಗಿಸಿಕೊಂಡ. ಅಂದೇ ಸಂಜೆ, ಕುಸ್ತಿಯ ರಿಂಗಿನಲ್ಲಿ ಅವಳು ಯಾರ ಜುಟ್ಟು ಹಿಡಿದು ಎಳೆಯುತ್ತಿದ್ದಳೋ ಆ ಹುಡುಗಿಯ ಫೋನು ಬಂತು.

“ಅಕ್ಕಾ, ಆ ಪಾತ್ರಕ್ಕೆ ನನ್ನನ್ನ ಕರೀತಿದ್ದಾರೆ... ಒಪ್ಪಿಕೊಳ್ಳಲಾ?”

“ಒಪ್ಕೋ,” ಎಂದಳು ಅವಳು. “ಬೀಳುವಾಗ ಗಲ್ಲ ಎದೆಗೆ ಒತ್ತಿಕೊಂಡಿರು. ಉಸಿರು ಬಿಗಿ ಹಿಡೀಬೇಡ. ಹಾಸು ಇನ್ನೂ ದಪ್ಪ ಬೇಕು ಅಂತ ಜಗಳ ಮಾಡಿ ಹಾಕಿಸ್ಕೋ. ನಾನು ಕೇಳಲಿಲ್ಲ.”

ಗಂಡ ಓಡಿಬಂದ. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಮಗಳು ಮಂಚಕ್ಕೆ ಅಂಟಿಕೊಂಡು, “ಅಮ್ಮಾ, ನೀನು ರಾಕ್ಷಸಿನೇ ಆಗಿರು, ಪರವಾಗಿಲ್ಲ... ವಾಪಸ್ ಬಾ,” ಎಂದಳು. ಅತ್ತೆ ಸೊಸೆಯ ಬಲಗೈಯನ್ನು ಬಿಗಿಯಾಗಿ ಅದುಮಿದರು. “ಹಿಡ್ಕೊಂಡಿದ್ದೀನಿ. ಗೊತ್ತಾಗ್ತಿದೆಯಾ?”

ಏನೂ ಗೊತ್ತಾಗುತ್ತಿರಲಿಲ್ಲ. “ಗೊತ್ತಾಗ್ತಿದೆ ಅತ್ತೆ,” ಎಂದು ನಕ್ಕಳು.

ಆಪರೇಷನ್ ಮುಗಿದು ದಿನಗಳು ಕಳೆದರೂ ಕೈ ಮಲಗೇ ಇತ್ತು. ಡಾಕ್ಟರೂ ಕಾಯಿರಿ ಎನ್ನುವುದರಾಚೆ ಏನೂ ಹೇಳಲಿಲ್ಲ. ಅತ್ತೆ ದಿನಾ ಪಕ್ಕದಲ್ಲಿ ಕೂತು ಬೆರಳುಗಳನ್ನು ಒಂದೊಂದಾಗಿ ಚಿವುಟುವರು. ಸೊಸೆ ಸುಮ್ಮನೆ ಸೂರು ನೋಡುವಳು. ಒಂದು ಬೆಳಿಗ್ಗೆ ಕಿರುಬೆರಳಿನ ಸರದಿ ಬಂದಾಗ...

“ಅಯ್ಯೋ ಅಮ್ಮಾ!”

“ಏನೇ? ನಾಟಕ ಆಡ್ತಿಲ್ಲ ತಾನೇ?”

“ಇಲ್ಲ ಅತ್ತೆ... ನೋಯ್ತು!”

ಅತ್ತೆ ನಂಬಲಿಲ್ಲ. ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ಚಿವುಟಿದರು. ಸೊಸೆ ಕಿಟಾರನೆ ಕಿರುಚಿದಳು. ಯಾರೆದುರೂ ಕಣ್ಣು ಒದ್ದೆ ಮಾಡಿಕೊಳ್ಳದಿದ್ದ ಆ ಹಿರಿಜೀವ ಸೊಸೆಯ ಕೈಯನ್ನು ಮುಖಕ್ಕೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಿತು. ಆ ಕಣ್ಣೀರು ಬೆಚ್ಚಗಿರುವುದು ಕಿರುಬೆರಳೊಂದಕ್ಕೆ ತಿಳಿಯುತ್ತಿತ್ತು.