ಗೆರೆಯ ಈಚೆಗಿನ ಮಂಚ

"ಆಗಲ್ಲ ಗುನ್ನಾರ್. ಬೇರೆ ಯಾರನ್ನಾದ್ರೂ ನೋಡ್ಕೋ" ಎಂದಳು ಸಿಗ್ನೆ.

ಬಾವಿಕಟ್ಟೆಯ ಹತ್ತಿರ ನಿಂತಿದ್ದ ಗುನ್ನಾರ್ ಅವಳ ಕಣ್ಣನ್ನೇ ನೋಡಿದ. ಅವಳು ಹಗ್ಗದ ಗಂಟನ್ನು ನೋಡಿದಳು. ಪ್ರಾರ್ಥನೆಯ ಹೊತ್ತಿನಲ್ಲಿ ಹಾಡಿನ ಪುಸ್ತಕದ ಮರೆಯಿಂದ ಕದ್ದು ಕದ್ದು ನೋಡಿ ನಗುತ್ತಿದ್ದ ಹುಡುಗಿ ಇವಳೇನಾ?

"ಪಾದ್ರಿ ಇವತ್ತು ಸಂಜೆ ಗಾಡಿ ಕಟ್ತಾರೆ. ಮತ್ತೆ ಬರೋದು ಮೇ ತಿಂಗಳಿಗೆ. ನಾನು ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳ್ಬಿಡು, ಅದೇ ಗಾಡೀಲಿ ಹೊರಟುಹೋಗ್ತೀನಿ."

"ಇಷ್ಟ ಇಲ್ಲ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಗಂಟಲು ನಡುವೆಯೇ ಒಡೆಯಿತು. ಗುನ್ನಾರನಿಗೆ ಅದು ಕೇಳಿಸಲಿಲ್ಲ. ಪ್ರೀತಿಸುವ ಗಂಡಸರ ಕಿವಿ ಅಷ್ಟರಲ್ಲೇ ಇದೆ.

ನಮ್ಮ ಡಕೋಟಾ ಬಯಲಿನಲ್ಲಿ ಸರ್ಕಾರ ಜಮೀನನ್ನು ಪುಕ್ಕಟೆ ಕೊಡುತ್ತಿತ್ತು. ಆದರೆ ಐದು ವರ್ಷ ಅದರ ಮೇಲೇ ವಾಸವಿರಬೇಕು. ಮಂಚ ಎಲ್ಲಿದೆಯೋ ಅಲ್ಲೇ ವಾಸ ಅಂತ ಲೆಕ್ಕ. ಅದಕ್ಕೇ ಸಿಗ್ನೆ ಮತ್ತು ಅವಳ ಅಣ್ಣ ಯೋನಾಸ್ ತಮ್ಮಿಬ್ಬರ ಜಮೀನುಗಳ ಗಡಿಯ ಮೇಲೇ ಒಂದು ಮಣ್ಣಿನ ಮನೆ ಕಟ್ಟಿ, ನೆಲದ ನಡುವೆ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಈಚೆ ಅವಳ ಮಂಚ, ಆಚೆ ಅವನದು. ಅವನ ನೆಲದಲ್ಲಿ ಮೂರು ಕಡೆ ಅಗೆದರೂ ನೀರು ಸಿಗಲಿಲ್ಲ. ಬಾವಿ ಇದ್ದದ್ದು ಅವಳ ಪಾಲಿನಲ್ಲಿ.

ಹೆಂಡತಿಯ ವಾಸ ಗಂಡನ ಮನೆಯಲ್ಲೇ ಎನ್ನುತ್ತದೆ ಕಾನೂನು. ಅವಳು ಮದುವೆಯಾಗಿ ಗುನ್ನಾರನ ಜಮೀನಿಗೆ ಹೋದರೆ, ಅವಳ ಜಮೀನನ್ನು ಯಾವನೋ ಹಿಡಿದು ಬಾವಿಗೆ ಬೇಲಿ ಹಾಕುತ್ತಾನೆ. ಹೊಳೆ ಎರಡು ಮೈಲಿ ದೂರ. ಎದೆಯ ಕಾಯಿಲೆಯ ಯೋನಾಸ್ ಒಂದು ಬಕೆಟ್ ಎತ್ತಿದರೂ ರಕ್ತ ಕೆಮ್ಮುತ್ತಿದ್ದ. ಐದು ವರ್ಷ ತುಂಬಲು ಇನ್ನೂ ಎರಡು ಬಾಕಿ. ಇದನ್ನೆಲ್ಲ ಗುನ್ನಾರನಿಗೆ ಹೇಳಿದರೆ ಅವನು ತನ್ನ ಜಮೀನನ್ನೇ ಬಿಟ್ಟು ಬಂದಾನು. ಅವನ ತಾಯಿಯನ್ನು ಮಣ್ಣು ಮಾಡಿದ ಜಾಗ ಅದು. ಯಾವ ಬಾಯಲ್ಲಿ ಕೇಳುವುದು?

ಒಳಗೆ ಬಂದರೆ ಯೋನಾಸ್ ಅವಳ ಮಂಚವನ್ನು ಗೆರೆಯಾಚೆ ಎಳೆದು, ಅದರ ಮೇಲೇ ಕುಸಿದು ಕೆಮ್ಮುತ್ತಿದ್ದ.

"ಏನಣ್ಣ ಇದು?"

"ಎಲ್ಲಾ ಕೇಳಿಸ್ಕೊಂಡೆ. ಇನ್ಮೇಲೆ ನೀನು ಆ ಜಮೀನಲ್ಲಿ ವಾಸ ಇಲ್ಲ. ಯಾರು ಕೇಳಿದ್ರೂ ಬೈಬಲ್ ಮುಟ್ಟಿ ಹಾಗೇ ಹೇಳ್ತೀನಿ. ಹೋಗು, ಮದುವೆ ಆಗು."

"ನಿಂಗೆ ನೀರು?"

"ಹೊಳೆ ಇದ್ಯಲ್ಲ."

"ಹತ್ತು ಹೆಜ್ಜೆ ನಡೆಯಕ್ಕಾಗಲ್ಲ, ಹೊಳೆಯಂತೆ ಹೊಳೆ! ಸತ್ತೋಗ್ತೀಯ."

"ಹೇಗೂ ಸಾಯ್ತೀನಿ ಕಣೇ. ನನ್ನ ಕೆಮ್ಮು ಕೇಳ್ತಾ ನೀನು ಮುದುಕಿ ಆಗೋದನ್ನ ನೋಡ್ಕೊಂಡು ಸಾಯ್ಬೇಕಾ?"

ಸಿಗ್ನೆ ಮಂಚದ ಒಂದು ಕಾಲು ಹಿಡಿದು ಎಳೆದಳು. ಅವನು ಇನ್ನೊಂದನ್ನು ಬಿಗಿಹಿಡಿದ. ಇಬ್ಬರಿಗೂ ಅಳು. "ದೇವರೇ, ಒಬ್ಬರನ್ನ ಉಳಿಸ್ಕೊಳ್ಳೋಕೆ ಇನ್ನೊಬ್ಬರನ್ನ ಕೊಡು ಅಂತ ಯಾಕೆ ಕೇಳ್ತೀಯಪ್ಪಾ?" ಎಂದು ಅವಳು ಕೂಗಿಯೇ ಬಿಟ್ಟಳು.

ಬಾಗಿಲಲ್ಲಿ ಗುನ್ನಾರ್ ನಿಂತಿದ್ದ. ಊರು ಬಿಡುವ ಮುಂಚೆ, ಎರವಲು ಒಯ್ದಿದ್ದ ಗರಗಸ ಕೊಡಲು ಬಂದಿದ್ದ. ಮಂಚ ನೋಡಿದ, ಗೆರೆ ನೋಡಿದ, ಯೋನಾಸನ ತುಟಿಯ ರಕ್ತ ನೋಡಿದ. ನಮ್ಮ ಕಡೆಯವರಿಗೆ ಅಷ್ಟು ಸಾಕು, ಬಿಡಿಸಿ ಹೇಳಬೇಕಾಗಿಲ್ಲ. ಗರಗಸವನ್ನು ಗೋಡೆಗೆ ಒರಗಿಸಿ ಹೊರಟುಹೋದ.

"ಓಡೇ ಹುಚ್ಚಿ, ಕರಿ ಅವನನ್ನ!"

ಸಿಗ್ನೆ ಓಡಲಿಲ್ಲ. ಓಡಿದರೆ ನಿನ್ನ ಜಮೀನು ಬಿಟ್ಟು ಬಾ ಎಂದು ಕೇಳಿಬಿಡುತ್ತೇನೆ ಎಂಬ ಭಯ. ಮಂಚವನ್ನು ಒಬ್ಬಳೇ ಈಚೆಗೆ ಎಳೆದು ತಂದು, ಮುಖ ಮುಚ್ಚಿ ಕೂತಳು. ಹೊತ್ತು ಇಳಿಯಿತು. ಪಾದ್ರಿಯ ಗಾಡಿಯ ಸದ್ದು ಕೇಳಿದಾಗ ಎರಡು ಕಿವಿಗೂ ಬೆರಳಿಟ್ಟಳು. ಅವನಿಲ್ಲದ ಚಳಿಗಾಲವನ್ನು ಹೇಗೆ ಕಳೆಯುವುದೋ ಅವಳಿಗೆ ತಿಳಿಯಲಿಲ್ಲ.

ಗಾಡಿ ಮನೆಯ ಮುಂದೆಯೇ ನಿಂತಿತು.

ಬೆನ್ನ ಮೇಲೆ ತನ್ನ ಮಂಚ ಹೊತ್ತಿದ್ದ ಗುನ್ನಾರ್ ಅದನ್ನು ಬಾಗಿಲಿಗೆ ತಾಗಿಸಿ, ಕೆಟ್ಟದಾಗಿ ಬೈದು, ಹಿಂದಿದ್ದ ಪಾದ್ರಿಯ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಗೆರೆಯ ಈಚೆ, ಅವಳ ಮಂಚದ ಪಕ್ಕ ಅದನ್ನು ಇಳಿಸಿದ.

"ಬೇಡ ಗುನ್ನಾರ್, ಅಲ್ಲಿ ನಿನ್ನಮ್ಮ ಇದಾರೆ."

"ನೀನು ಬೇಡ ಅಂದಿದ್ದಕ್ಕೆ ಬಿಟ್ಟು ಹೋಗ್ತಿದ್ದೆ ಆ ಜಮೀನನ್ನ. ನಿನಗೋಸ್ಕರ ಬಿಡಬಾರ್ದಾ? ಅಮ್ಮಂಗೆ ಹೇಳೇ ಬಂದಿದೀನಿ." ಅವನ ಮೊಣಕಾಲಿಗೆ ಹಸಿ ಮಣ್ಣು ಮೆತ್ತಿತ್ತು. "ಈಗ ಹೇಳು. ಇಷ್ಟ ಇಲ್ವಾ?"

"ಇಷ್ಟ" ಎಂದಳು ಅವಳು ಬಿಕ್ಕುತ್ತಾ. "ಮೂರು ವರ್ಷದಿಂದ ಇಷ್ಟ. ಸುಳ್ಳು ಹೇಳ್ದೆ."

"ಮನೆ ಅಳಿಯ ಬಂದ್ನಪ್ಪಾ!" ಆಚೆ ಮಂಚದಿಂದ ಯೋನಾಸ್ ಕೂಗಿದ. "ಭಾವಾ, ಗೆರೆ ದಾಟಿದ್ರೆ ಕಾಲು ಮುರಿತೀನಿ, ಇದು ನನ್ನ ಜಮೀನು!" ನಗಲು ಹೋಗಿ ಕೆಮ್ಮಿದ. ಗುನ್ನಾರ್ ಬಾವಿಗೆ ಓಡಿ ನೀರು ತಂದು ಕುಡಿಸಿದ.

ಯೋನಾಸನಿಗೆ ಎದ್ದು ನಿಲ್ಲಲಾಗಲಿಲ್ಲ. ಹಾಗಾಗಿ ವಧುವರರೇ ಗೆರೆಯ ಮೇಲೆ ಬಂದು ಮಂಡಿಯೂರಿದರು. ಪಾದ್ರಿ ಪ್ರಾರ್ಥಿಸುವಷ್ಟು ಹೊತ್ತೂ ಅಣ್ಣನ ಕೈ ತಂಗಿಯ ತಲೆಯ ಮೇಲಿತ್ತು.

ವಧುವರರ ಮಂಡಿಯಡಿಯಲ್ಲಿ ಸುಣ್ಣ ಅಳಿಸಿಹೋಗಿತ್ತು. ಮಾರನೆಯ ಬೆಳಿಗ್ಗೆ ಸಿಗ್ನೆ ಗೆರೆಯನ್ನು ಹೊಸದಾಗಿ ಎಳೆದಳು. ಇನ್ನೂ ಎರಡು ವರ್ಷ ಇತ್ತಲ್ಲ.